ಕ್ಲಾಸಿನಲ್ಲಿ ಐದು ನಿಮಿಷ ಮಾತಾಡಬೇಕು, ಹೇಗೆ ತಯಾರಾಗಲಿ?

ಪ್ರಶ್ನೆ:
ನಾನು ಒಂಬತ್ತನೇ ಕ್ಲಾಸು. ಸೋಮವಾರ ಸಮಾಜ ವಿಜ್ಞಾನ ಪೀರಿಯಡ್‌ನಲ್ಲಿ ಶಿವನಸಮುದ್ರದ ವಿದ್ಯುತ್ ಕೇಂದ್ರದ ಬಗ್ಗೆ ಮಾತಾಡಬೇಕು. ನಾಲ್ಕು ಪುಟ ಬರೆದು ಬಾಯಿಪಾಠ ಮಾಡುತ್ತಿದ್ದೇನೆ, ಆದರೆ ಮಧ್ಯೆ ಒಂದು ಸಾಲು ಮರೆತರೆ ಮುಂದಿನದೆಲ್ಲ ಹೋಗಿಬಿಡುತ್ತದೆ. ಏನು ಮಾಡಲಿ?

ಉತ್ತರ 1:
ಬಾಯಿಪಾಠ ಬಿಟ್ಟುಬಿಡು ಪುಟ್ಟ. ಐದು ನಿಮಿಷಕ್ಕೆ ನಾಲ್ಕು ಪುಟ ಜಾಸ್ತಿ ಆಯ್ತು. ಚೀಟಿಯಲ್ಲಿ ಇಷ್ಟೇ ಬರೆದುಕೋ: ಜಲಪಾತ, 1902, ಚಿನ್ನದ ಗಣಿ, ಬೀದಿ ದೀಪ. ಒಂದೊಂದನ್ನೂ ನಿನ್ನದೇ ಮಾತಿನಲ್ಲಿ ಮನೆಯವರಿಗೆ ಜೋರಾಗಿ ಹೇಳು. ಮೊದಲ ಸಾಲು, ಕೊನೆಯ ಸಾಲು ಮಾತ್ರ ಗಟ್ಟಿಯಾಗಿ ನೆನಪಿರಲಿ.

ಉತ್ತರ 2:
"ಶಿವನಸಮುದ್ರ ಕಾವೇರಿ ನದಿಯಲ್ಲಿದೆ" ಅಂತ ಶುರು ಮಾಡಬೇಡ, ಅರ್ಧ ಕ್ಲಾಸು ಕಿಟಕಿ ಕಡೆ ನೋಡುತ್ತದೆ. "ಇಲ್ಲಿಯ ಕರೆಂಟ್ ಮೊದಲು ಹೋಗಿದ್ದು ಎಲ್ಲಿಗೆ?" ಅಂತ ಕೇಳು. ಮೈಸೂರು, ಬೆಂಗಳೂರು ಅಂತ ಕೂಗುತ್ತಾರೆ. ಒಂದು ಕ್ಷಣ ಸುಮ್ನಿರು. ಆಮೇಲೆ ಕೋಲಾರದ ಚಿನ್ನದ ಗಣಿಗೆ ಅಂತ ಹೇಳಿ, ಬೋರ್ಡಿನ ಮೇಲೆ ಎರಡು ಚುಕ್ಕಿ ಇಟ್ಟು ಉದ್ದಕ್ಕೆ ಗೆರೆ ಎಳೆ, ಸುಮಾರು 147 ಕಿ.ಮೀ. ತಂತಿ ಅದು! ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ.

ಉತ್ತರ 3:
ಗೆರೆ ಎಳೆಯುವಾಗ ಮಾತು ನಿಲ್ಲಿಸು. ಬೋರ್ಡಿಗೆ ಮುಖ ಮಾಡಿ ಮಾತಾಡಿದರೆ ಹಿಂದಿನ ಬೆಂಚಿಗೆ ಏನೂ ಕೇಳಿಸುವುದಿಲ್ಲ, ಅಲ್ವಾ?