ಬಾಡಿಗೆ ಮನೆಯ ಟೈಲ್ಸ್ ಮೇಲೆ ಕಾರ್ಪೆಟ್ ಹಾಕಿದವರು ಇದ್ದೀರಾ?

ಪ್ರಶ್ನೆ:
ಕೆಲಸದ ಮೇಲೆ ಪರದೇಶಕ್ಕೆ ಬಂದು ಮೂರು ತಿಂಗಳಾಯಿತು. ಎರಡು ವರ್ಷದ ಕರಾರಿನ ಮೇಲೆ ಬಾಡಿಗೆ ಮನೆ ಹಿಡಿದಿದ್ದೇವೆ. ಎಲ್ಲ ಕಡೆ ಟೈಲ್ಸ್. ಚಳಿ ಶುರುವಾದ ಮೇಲೆ ಬರಿಗಾಲು ಇಡಲು ಆಗುತ್ತಿಲ್ಲ. ಮಗಳು ಈಗಷ್ಟೇ ಅಂಬೆಗಾಲಿಡುತ್ತಿದ್ದಾಳೆ. ಮುಂದಿನ ತಿಂಗಳು ಅಮ್ಮ ಬರುತ್ತಾರೆ, ಅವರಿಗೆ ಮಂಡಿನೋವು. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿಸಿಬಿಡೋಣ ಅಂತ ನನ್ನ ಆಸೆ. ಬಾಡಿಗೆ ಮನೆಗೆ ಸುಮ್ನೆ ಯಾಕೆ ದುಡ್ಡು ಸುರಿಯುವುದು ಅಂತ ನಮ್ಮ ಮನೆಯವರು. ಟೈಲ್ಸ್ ಇದ್ದ ಹಾಗೇ ಇರಬೇಕು, ಉಳಿದಿದ್ದು ನಿಮ್ಮಿಷ್ಟ ಅಂದಿದ್ದಾರೆ ಓನರ್. ನೀವೆಲ್ಲ ಏನು ಮಾಡಿದಿರಿ, ದಯವಿಟ್ಟು ಹೇಳಿ.

ಉತ್ತರ:
ನಾವು ಹೀಗೇ ಎರಡು ಬಾಡಿಗೆ ಮನೆಗಳಲ್ಲಿ ಟೈಲ್ಸ್ ಮೇಲೆ ಕಾರ್ಪೆಟ್ ಹಾಕಿದೆವು. ಮೊದಲ ಸಲ ಕೈ ಸುಟ್ಟುಕೊಂಡೆವು. ಅದನ್ನೇ ಮೊದಲು ಹೇಳುತ್ತೇನೆ.

ಗೋಡೆಯಿಂದ ಗೋಡೆಗೆ ಹಾಸಿದರೆ ಕಾರ್ಪೆಟ್ಟನ್ನು ಎಳೆದು ಹಿಡಿದಿಡಲು ಏನಾದರೂ ಬೇಕಲ್ವಾ? ಅದಕ್ಕೆ ಗೋಡೆಯ ಬುಡದ ಉದ್ದಕ್ಕೂ ಸಣ್ಣ ಮೊಳೆಗಳಿರುವ ಮರದ ಪಟ್ಟಿ ಕೂರಿಸುತ್ತಾರೆ. ಇಲ್ಲವೆಂದರೆ ನೆಲಕ್ಕೇ ಅಂಟು ಬಳಿಯುತ್ತಾರೆ. ಟೈಲ್ಸ್ ಮೇಲೆ ಎರಡೂ ಬೇಡ. ನಮ್ಮಲ್ಲಿ ಪಟ್ಟಿಗೆ ತೂತು ಕೊರೆಯುವಾಗ ಮೂರು ಟೈಲ್ಸ್ ಬಿರುಕು ಬಿಟ್ಟವು. ಬಾಗಿಲ ಹತ್ತಿರ ಹಚ್ಚಿದ ಅಂಟು ಟೈಲ್ಸ್ ಸಂದಿಗೆ ಇಳಿದು ಕಪ್ಪಾಯಿತು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಅದೇ ಬಣ್ಣದ ಟೈಲ್ಸ್ ಆಮೇಲೆ ಎಲ್ಲೂ ಸಿಗಲಿಲ್ಲ. ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಅರ್ಧ ಮುರಿದುಕೊಂಡರು. ಹಾಕಿಕೊಳ್ಳಿ ಅಂತ ಓನರ್ ಬಾಯಿಮಾತಿನಲ್ಲಿ ಹೇಳಿದ್ದರು, ಬರಹದಲ್ಲಿ ಏನೂ ಇರಲಿಲ್ಲ. ನೀವು ಇವತ್ತೇ ಒಂದು ಮೇಲ್ ಕಳಿಸಿ, ಒಪ್ಪಿಗೆಯ ಉತ್ತರ ತರಿಸಿಕೊಳ್ಳಿ. ಹಾಸುವ ಮೊದಲು ನೆಲದ ಫೋಟೋ ತೆಗೆದಿಡಿ. ಆಗಲೇ ಬಿರುಕು ಬಿಟ್ಟಿರುವ ಟೈಲ್ಸ್ ಇದ್ದರೆ ಅದನ್ನು ಹತ್ತಿರದಿಂದ ತೆಗೆಯಿರಿ.

ಎರಡನೇ ಮನೆಯಲ್ಲಿ ಒಂದೇ ನಿಯಮ ಇಟ್ಟುಕೊಂಡೆವು. ಹೊರಡುವ ದಿನ ಸುರುಳಿ ಸುತ್ತಿ ಎತ್ತಿಕೊಂಡು ಹೋಗುವಂತಿರಬೇಕು. ದೊಡ್ಡ ಸುರುಳಿ ಕತ್ತರಿಸಿ ಉಳಿದ ತುಂಡುಗಳನ್ನು ಕಾರ್ಪೆಟ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಮಾರುತ್ತಾರೆ. ಸುರುಳಿಯ ಅಗಲ ಸಾಮಾನ್ಯವಾಗಿ 12 ಅಡಿ ಅಥವಾ 4 ಮೀಟರ್ ಇರುತ್ತದೆ, ಹಾಗಾಗಿ ಒಂದು ರೂಮಿಗೆ ಸಾಕಾಗುವ ತುಂಡು ಸಿಗುವುದು ಕಷ್ಟವಲ್ಲ. ಪ್ರತಿ ಗೋಡೆಯಿಂದ 15 ಸೆಂ.ಮೀ. ಬಿಟ್ಟು ಅಳತೆ ಕೊಡಿ. ಅಂಚಿಗೆ ಬಟ್ಟೆಯ ಪಟ್ಟಿ ಹಾಕಿಸಿ ಹೊಲಿಸಲೇಬೇಕು. ಇಲ್ಲದಿದ್ದರೆ ನೂಲು ಬಿಚ್ಚುತ್ತಾ ಹೋಗುತ್ತದೆ, ಮಗು ಅದನ್ನು ಎಳೆದು ಬಾಯಿಗೆ ಹಾಕಿಕೊಳ್ಳುತ್ತದೆ. ಮನೆಗೆ ತರುವ ದಾರಿಯನ್ನೂ ಯೋಚಿಸಿ. 12 ಅಡಿಯ ಸುರುಳಿ ನಮ್ಮ ಲಿಫ್ಟ್‌ನಲ್ಲಿ ಹಿಡಿಯಲಿಲ್ಲ, ಮೂರು ಮಹಡಿ ಹೊತ್ತೆವು.

ಕಾರ್ಪೆಟ್ ಕೆಳಗೆ ಪ್ಯಾಡ್ ಬೇಕೇ ಬೇಕು. ನುಣುಪಾದ ಟೈಲ್ಸ್ ಮೇಲೆ ಬರೀ ಕಾರ್ಪೆಟ್ ಜಾರುತ್ತದೆ, ತೆಳುವಾಗಿದ್ದರೆ ಟೈಲ್ಸ್ ಸಂದಿಯ ಗೆರೆಗಳೂ ಮೇಲೆ ಕಾಣುತ್ತವೆ. ಮೇಲೆ ಫೆಲ್ಟ್ (ನೂಲನ್ನು ಒತ್ತಿ ಮಾಡಿದ ಕಂಬಳಿಯಂಥ ದಪ್ಪ ಬಟ್ಟೆ), ಕೆಳಗೆ ರಬ್ಬರ್ ಇರುವ ಪ್ಯಾಡ್ ನಮಗೆ ಚೆನ್ನಾಗಿ ಬಂತು. ಅಗ್ಗದ ಪ್ಲಾಸ್ಟಿಕ್ ಜಾಲರಿಯಂಥದ್ದು ಕೆಲವು ತಿಂಗಳಲ್ಲಿ ಪುಡಿಯಾಗಿ ನೆಲಕ್ಕೆ ಅಂಟಿಕೊಂಡಿತ್ತು. ಪ್ಯಾಡ್ ಕಾರ್ಪೆಟ್‌ಗಿಂತ ಸುತ್ತಲೂ 2–3 ಸೆಂ.ಮೀ. ಚಿಕ್ಕದಿರಲಿ, ಆಗ ಅಂಚು ಇಳಿದು ನೆಲಕ್ಕೆ ಕೂರುತ್ತದೆ.

ಬಾಗಿಲು ಮರೆಯಬೇಡಿ! ನಮ್ಮ ಪ್ಯಾಡ್ 6 ಮಿ.ಮೀ., ಕಾರ್ಪೆಟ್ 10 ಮಿ.ಮೀ., ಬಾಗಿಲ ಕೆಳಗಿನ ಸಂದು 11 ಮಿ.ಮೀ. ಮಾತ್ರ. ಬೇರೆಯವರ ಬಾಗಿಲನ್ನು ಕೊಯ್ಯುವ ಹಾಗಿಲ್ಲ. ಬಾಗಿಲು ತಿರುಗುವಷ್ಟು ಜಾಗ ಬಿಟ್ಟು ಹಾಸಿದೆವು.

ಇನ್ನು ಅಮ್ಮನ ವಿಷಯ. ಅಲ್ಲೊಂದು ಇಲ್ಲೊಂದು ಸಣ್ಣ ಹಾಸು ಹಾಕಬೇಡಿ. ಮಂಡಿನೋವಿನವರು ಕಾಲನ್ನು ಪೂರ್ತಿ ಎತ್ತುವುದಿಲ್ಲ, ಬೆರಳು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಅತ್ತೆ ಒಮ್ಮೆ ಹಾಗೇ ಬಿದ್ದರು. ಅವರು ನಡೆಯುವ ದಾರಿಯಲ್ಲಿ ಒಂದೋ ಪೂರ್ತಿ ಕಾರ್ಪೆಟ್ ಇರಲಿ, ಇಲ್ಲವೋ ಪೂರ್ತಿ ಟೈಲ್ಸ್ ಇರಲಿ.

ಉತ್ತರ:
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನೆಲಮಹಡಿಯಲ್ಲಿದ್ದರೆ ಮೊದಲು ತೇವ ನೋಡಿ. ನಾವು ನೋಡಲಿಲ್ಲ. ಎರಡೇ ತಿಂಗಳಲ್ಲಿ ರೂಮಿನಲ್ಲಿ ಮುಗ್ಗಲು ವಾಸನೆ. ಎತ್ತಿ ನೋಡಿದರೆ ಕಾರ್ಪೆಟ್‌ನ ಬೆನ್ನಿಗೆಲ್ಲ ಕಪ್ಪು ಬೂಷ್ಟು.

ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಬದಿಗೆ ಟೇಪ್ ಹಚ್ಚಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಕೆಳಗೆ ನೀರು ಹನಿದಿದ್ದರೆ ತೇವ ನೆಲದಿಂದ ಬರುತ್ತಿದೆ, ಅಲ್ಲಿ ಕಾರ್ಪೆಟ್ ಹಾಕಲೇಬೇಡಿ. ಹಾಳೆಯ ಮೇಲೆ ಹನಿ ಇದ್ದರೆ ಅದು ಮನೆಯ ಗಾಳಿಯಲ್ಲಿರುವ ತೇವ. ಅಡುಗೆ, ಸ್ನಾನ, ಒಳಗೆ ಒಣಹಾಕಿದ ಬಟ್ಟೆ, ಎಲ್ಲದರಿಂದಲೂ ಅದು ಬರುತ್ತದೆ. ಬೆಚ್ಚಗಿನ ಗಾಳಿ ತಣ್ಣನೆಯ ಟೈಲ್ಸಿಗೆ ತಾಗಿದಾಗ ನೀರಾಗುತ್ತದೆ, ಕಾರ್ಪೆಟ್ ಕೆಳಗೆ ಅದು ಬೇಗ ಒಣಗುವುದಿಲ್ಲ. ನಮ್ಮ ತೊಂದರೆ ಇದೇ ಆಗಿತ್ತು. ಬಟ್ಟೆ ಒಣಗಿಸುವುದನ್ನು ಬೇರೆ ಕಡೆಗೆ ಬದಲಾಯಿಸಿ, ಹೊರಗೋಡೆಯ ಕಡೆ ಇನ್ನೂ ಜಾಸ್ತಿ ಜಾಗ ಬಿಟ್ಟು, ತಿಂಗಳಿಗೊಮ್ಮೆ ಮೂಲೆಗಳನ್ನು ಎತ್ತಿ ಗಾಳಿಯಾಡಿಸಿದ ಮೇಲೆ ಬೂಷ್ಟು ಮತ್ತೆ ಬರಲಿಲ್ಲ. ನೆಲ ಒರೆಸಿದ ಕೂಡಲೇ ಹಾಸಬೇಡಿ, ಸಂದಿಗಳು ಪೂರ್ತಿ ಒಣಗಲಿ.

ಉತ್ತರ:
ಕೆಲವು ಮನೆಗಳಲ್ಲಿ ಟೈಲ್ಸ್ ಅಡಿಯಲ್ಲೇ ನೆಲ ಬಿಸಿ ಮಾಡುವ ವ್ಯವಸ್ಥೆ ಇರುತ್ತದೆ. ಓನರ್ ಹತ್ತಿರ ಕೇಳಿದಿರಾ? ಅದಿದ್ದರೆ ದಪ್ಪ ಕಾರ್ಪೆಟ್ ಹಾಕಿದರೆ ಬಿಸಿ ಸರಿಯಾಗಿ ಮೇಲೆ ಬರುವುದಿಲ್ಲ.

ಉತ್ತರ:
ಪುಟ್ಟ ಮಗು ಇರುವ ಮನೆಗೆ ನಾನು ಚೌಕದ ಕಾರ್ಪೆಟ್ ಬಿಲ್ಲೆಗಳನ್ನೇ ಹೇಳುತ್ತೇನೆ. ಹೆಚ್ಚಾಗಿ 50 ಸೆಂ.ಮೀ. ಚೌಕ. ಮೂಲೆಗಳ ಕೆಳಗೆ ಸ್ಟಿಕ್ಕರ್ ಅಂಟಿಸಿ ಬಿಲ್ಲೆಯನ್ನು ಬಿಲ್ಲೆಗೆ ಜೋಡಿಸುವ ಬಗೆಯದ್ದು ತಗೊಳ್ಳಿ, ನೆಲಕ್ಕೆ ಏನೂ ಅಂಟುವುದಿಲ್ಲ. ಮಗು ಒದ್ದೆ ಮಾಡಿದರೆ ಆ ಒಂದನ್ನು ತೆಗೆದು ತೊಳೆದರಾಯಿತು. ಬೆನ್ನಿನಲ್ಲಿ ಬಾಣದ ಗುರುತು ಇರುತ್ತದೆ, ಎಲ್ಲವನ್ನೂ ಒಂದೇ ದಿಕ್ಕಿಗೆ ಇಡಿ, ಇಲ್ಲದಿದ್ದರೆ ಬಣ್ಣ ಬೇರೆ ಬೇರೆ ಕಾಣುತ್ತದೆ. ನಾಲ್ಕೈದು ಹೆಚ್ಚಿಗೆ ಕೊಂಡಿಡಿ.

ಉತ್ತರ:
ನನ್ನ ಮಗನಿಗೆ ಉಬ್ಬಸ. ಕಾರ್ಪೆಟ್ ಹಾಕಿದ ಮೇಲೆ ರಾತ್ರಿ ಕೆಮ್ಮು ಜಾಸ್ತಿಯಾಯಿತು, ತೆಗೆದುಬಿಟ್ಟೆವು. ಧೂಳಿನಲ್ಲಿರುವ ಸಣ್ಣ ಹುಳಗಳಿಗೆ ಕಾರ್ಪೆಟ್ ಒಳ್ಳೆಯ ಗೂಡು. ನಿಮ್ಮ ಮನೆಯಲ್ಲಿ ಯಾರಿಗಾದರೂ ಧೂಳಿನ ಅಲರ್ಜಿ ಇದ್ದರೆ ತೊಳೆಯಲು ಬರುವ ಹಾಸು, ದಪ್ಪ ಕಾಲುಚೀಲ ಇಷ್ಟೇ ಸಾಕು. ಕಾರ್ಪೆಟ್ ಹಾಕುವುದೇ ಆದರೂ ಹೊಸದನ್ನು ಬಿಚ್ಚಿ ಎರಡು ಮೂರು ದಿನ ಗಾಳಿಗೆ ಇಡಿ. ಹೊಸ ವಾಸನೆ ಹೋಗದೆ ಮಗುವನ್ನು ಅದರ ಮೇಲೆ ಬಿಡಬೇಡಿ.

ಕೇಳಿದವರಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಅಳೆದೆ, ನಮ್ಮ ಬಾಗಿಲ ಕೆಳಗೆ ಬರೀ 9 ಮಿ.ಮೀ. ನಾವು ನೆಲಮಹಡಿಯವರೇ, ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೇನೆ. ಓನರ್‌ಗೆ ಮೇಲ್ ಹೋಯಿತು, ನೆಲ ಬಿಸಿ ಮಾಡುವ ವ್ಯವಸ್ಥೆಯ ಬಗ್ಗೆಯೂ ಕೇಳಿದ್ದೇನೆ. ತೇವ ಇಲ್ಲದಿದ್ದರೆ ಮಗಳು ಆಡುವ ಕಡೆ ಬಿಲ್ಲೆಗಳು, ಅಮ್ಮನ ರೂಮಿಗೆ ಹೊಲಿಸಿದ ಒಂದೇ ತುಂಡು. ಅಮ್ಮನ ಮಂಚದಿಂದ ಬಚ್ಚಲ ಬಾಗಿಲವರೆಗೆ ಎಷ್ಟು ಉದ್ದ ಅಂತ ನಾಳೆ ಅಳೆಯುತ್ತೇನೆ. ಆ ದಾರಿಯಲ್ಲಿ ನಡುವೆ ಎಲ್ಲೂ ಅಂಚು ಬರದ ಹಾಗೆ ತುಂಡು ಹುಡುಕಬೇಕು.