ಕೀ ಕೊಟ್ಟರೆ ಆಡುವ ಹಳೇ ಫ್ರೆಂಚ್ ಬೊಂಬೆ: ಕೊಳ್ಳುವ ಮುಂಚೆ ಏನು ನೋಡಬೇಕು?

ಕೇಳಿದ್ದು: ಪ್ಯಾರಿಸ್‌ನಲ್ಲಿದ್ದೇನೆ. ಹಳೇ ಸಾಮಾನಿನ ಸಂತೆಯಲ್ಲಿ ಬೀಸಣಿಗೆ ಬೀಸುವ ಬೊಂಬೆಯೊಂದು ಮನಸ್ಸಿಗೆ ಹಿಡಿಸಿತು. ಕೀ ಕೊಟ್ಟರೆ ತಲೆ ಆಡಿಸುತ್ತದೆ, ಕೆಳಗಿನ ಪೆಟ್ಟಿಗೆ ಹಾಡುತ್ತದೆ. ಇಂಥ ಬೊಂಬೆಗಳಿಗೆ ಹೆಸರಾದ ಹಳೇ ಫ್ರೆಂಚ್ ತಯಾರಕ ಲಿಯೊಪೋಲ್ ಲಾಂಬೇರ್ ಮಾಡಿದ್ದು ಅಂತಾರೆ. ನಂಬಬಹುದಾ?

ಮೊದಲ ಉತ್ತರ: ತಲೆ ನೋಡಿ ಮೋಸ ಹೋಗಬೇಡಿ. ಕುತ್ತಿಗೆ ಹಿಂದೆ ಜುಮೋ ಎಂಬ ಫ್ರೆಂಚ್ ಬೊಂಬೆ ತಯಾರಕರ ಗುರುತಿದ್ದರೆ ಪಿಂಗಾಣಿ ತಲೆ ಅವರದ್ದು, ಅಷ್ಟೆ. ಲಾಂಬೇರ್ ಬೊಂಬೆಗಳಲ್ಲಿ ಆ ತಲೆಗಳು ಜಾಸ್ತಿ. ಕೀ ಕೊಡುವ ಕೀಲಿ ಮೇಲೆ ಲಾಂಬೇರ್ ಗುರುತು ‘ಎಲ್‌ಬಿ’ ಅಂತ ಇದೆಯಾ ನೋಡಿ. ಇಂಥದ್ದೇ ಬೊಂಬೆ ಮಾಡುತ್ತಿದ್ದ ರೂಲೆ-ದಕಾಂ ಸಂಸ್ಥೆಯದ್ದಾದರೆ ‘ಆರ್‌ಡಿ’. ಆದರೂ ಕೀಲಿ ಒಂದನ್ನೇ ನಂಬಬೇಡಿ, ಯಾರದ್ದೋ ಕೀಲಿ ಯಾವುದಕ್ಕೋ ಸೇರಿರುತ್ತದೆ. ವಿಗ್ ಎತ್ತಿ ಒಳಗೆ ಪುಟ್ಟ ಟಾರ್ಚ್ ಹಿಡಿಯಲು ಹೇಳಿ, ಕೂದಲೆಳೆಯ ಬಿರುಕೂ ಕಾಣುತ್ತದೆ. ಹಳೇ ರೇಷ್ಮೆ ಮಡಿಕೆಯಲ್ಲಿ ಸೀಳಿದ್ದರೆ ಗಾಬರಿ ಬೇಡ. ಬಟ್ಟೆ ಹೊಸದಾಗಿ ಹೊಲಿಸಿದ್ದರೆ ಮಾತ್ರ ಬೆಲೆ ಇಳಿಸಿ ಕೇಳಿ.

ಎರಡನೇ ಉತ್ತರ: ನನ್ನ ಎಡವಟ್ಟು ಕೇಳಿ. ಹಾಡು ಎಳೆಯುತ್ತಿದೆ ಅಂತ ಗಡಿಯಾರ ರಿಪೇರಿಯವರೊಬ್ಬರಿಗೆ ಕೊಟ್ಟೆ. ಈ ಯಂತ್ರದಲ್ಲಿ ವೇಗ ಹಿಡಿದಿಡಲು ಬೆರಳುಗುರಿನಷ್ಟು ರೆಕ್ಕೆ ಇರುತ್ತದೆ. ಸ್ಪ್ರಿಂಗ್ ಬಿಗಿಯಾಗಿದ್ದಾಗಲೇ ಅದನ್ನು ಬಿಚ್ಚಿಬಿಟ್ಟರು. ಸರ್ರನೆ ಸಿಲಿಂಡರ್ ತಿರುಗಿತು. ಉಕ್ಕಿನ ಬಾಚಣಿಗೆಯ ಹಲ್ಲುಗಳು ಪಟಪಟ ಹಾರಿದವು, ಸಿಲಿಂಡರಿನ ಮುಳ್ಳುಗಳು ಬಗ್ಗಿಹೋದವು. ಆ ಮುಳ್ಳು ಹಲ್ಲನ್ನು ಮೀಟಿದರೇ ಹಾಡು ಅಲ್ವಾ? ಈಗ ಬೊಂಬೆ ಕೈ ಆಡಿಸುತ್ತದೆ, ಮೂಕವಾಗಿ. ಇನ್ನೊಂದು ಮಾತು, ಆಡುತ್ತಾ ಅರ್ಧಕ್ಕೇ ನಿಂತ ಬೊಂಬೆಗೆ ಸುಮ್ನೆ ಕೀ ತಿರುಗಿಸಬೇಡಿ. ಕೈ ಹಿಡಿದು ಎಳೆದೂ ನೋಡಬೇಡಿ, ಒಳಗಿನ ತಂತಿ ಬಗ್ಗುತ್ತದೆ.

ಮೂರನೇ ಉತ್ತರ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮಾರಿಸ್‌ಟೌನ್‌ನ ಮಾರಿಸ್ ಮ್ಯೂಸಿಯಂನಲ್ಲಿ ಮರ್ಟೋ ಗಿನ್ನೆಸ್ ಎಂಬುವರು ಕೂಡಿಸಿಟ್ಟ ಸಂಗ್ರಹ ಇದೆ, ಸುಮಾರು 750 ಸಂಗೀತ ಯಂತ್ರ, ಬೊಂಬೆಗಳು. ಅಲ್ಲಿ ನೋಡಿದ ಮೇಲೇ ಬೊಂಬೆಯ ಒಳ್ಳೆಯ ಚಲನೆ ಹೇಗಿರುತ್ತದೆ ಅಂತ ಕಣ್ಣಿಗೆ ಗೊತ್ತಾಯಿತು. ನನಗಂತೂ ಪ್ಯಾರಿಸ್‌ನ ಬೋಂತಾಂ ಮನೆತನದವರು ಮಾಡಿದ, ಕೀ ಕೊಟ್ಟರೆ ಹಾಡುವ ಹಕ್ಕಿಗಳೇ ಇಷ್ಟ. ಒಳಗೆ ತಿದಿ, ಪುಟ್ಟ ಸೀಟಿ. ಮೊದಲು ತಿದಿಯ ತೊಗಲು ನೋಡಿ. ಅದು ಬಿರುಕು ಬಿಟ್ಟರೆ ಹಕ್ಕಿ ಕೊಕ್ಕು ತೆರೆಯುತ್ತದೆ, ದನಿ ಬರೋಲ್ಲ.

ಕೇಳಿದವರು ಮತ್ತೆ: ಹೋಗಿ ಬಂದೆ. ಕೀಲಿಯಲ್ಲಿ ಅಕ್ಷರವೇ ಇಲ್ಲ. ವಿಗ್ ಮುಟ್ಟಲು ಬಿಡಲಿಲ್ಲ. ಬೆಲೆ ಮಾತ್ರ ಅಪ್ಪಟ ಲಾಂಬೇರ್‌ದು! ಸದ್ಯಕ್ಕೆ ಕೈಬಿಟ್ಟೆ.