ಮಾರುತಿ 800: ಮ್ಯಾನಿಫೋಲ್ಡ್‌ನ ನೀರಿನ ಪೈಪ್ ಜಾಮ್ ಆಗಿದೆ, ಬಿಸಿ ಮಾಡಲಾ ಕೊಯ್ಯಲಾ?

ಹಾಸನದ ಹಳೇ ಗಾಡಿ:
ಅಪ್ಪನ ಕಾಲದ ಕಾರ್ಬ್ಯುರೇಟರ್ ಮಾರುತಿ 800, 796 ಸಿಸಿ. ಆಯಿಲ್ ಕುಡಿಯುತ್ತಿದೆ, ಹೊಗೆ ಜಾಸ್ತಿ. ಎಂಜಿನ್ ಇಳಿಸಿ ಬೋರಿಂಗ್ (ಸವೆದ ಸಿಲಿಂಡರ್ ಕೊರೆದು ಸರಿಮಾಡುವುದು) ಮಾಡಿಸಬೇಕು. ಅದಕ್ಕೆ ಮುಂಚೆ ಹೋಸ್‌ಗಳನ್ನು ಬಿಚ್ಚುತ್ತಾ ಬಂದವನು ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ-ಪೆಟ್ರೋಲ್ ಹಂಚುವ ಅಲ್ಯೂಮಿನಿಯಂ ಭಾಗ, ಎಂಜಿನ್ ತಂಪು ಮಾಡುವ ನೀರೂ ಅದರಲ್ಲಿ ಹರಿಯುತ್ತದೆ) ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಹೀಟರ್ ಹೋಸ್ ಹೇಗೋ ಬಂತು. ಅದು ಕೂರುವ ಕಬ್ಬಿಣದ ಗಿಡ್ಡ ಪೈಪ್ ಮಾತ್ರ ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತಿದೆ. ವೈಸ್ ಗ್ರಿಪ್ ಹಾಕಿ ತಿರುಗಿಸಿದರೂ ಅಲ್ಲಾಡುತ್ತಿಲ್ಲ. ಜಾಮ್ ಬಿಡಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟಿದ್ದೂ ಆಯಿತು. ಬ್ಲೋ ಟಾರ್ಚ್ ತರಲಾ?

ಉಡುಪಿ ಕಡೆಯವ:
ಟಾರ್ಚ್ ಬೇಡ ಮಾರಾಯ್ರೆ! ಆ ಮ್ಯಾನಿಫೋಲ್ಡ್ ಮೇಲೇ ಕಾರ್ಬ್ಯುರೇಟರ್ ಕೂತಿದೆ. ಪೆಟ್ರೋಲ್ ಹೋಸ್ ಪಕ್ಕದಲ್ಲೇ ಇದೆ. ಮೇಲಿಂದ ನೀವು ಡಬ್ಲ್ಯೂಡಿ-40 ಬೇರೆ ಹೊಡೆದಿದ್ದೀರಿ, ಅದೂ ಹತ್ತಿಕೊಳ್ಳುತ್ತದೆ. ಸುಮ್ನೆ ಬೆಂಕಿ ಜೊತೆ ಆಟ ಯಾಕೆ?

ಹುಬ್ಬಳ್ಳಿ ಪಾನಾ:
ಬಿಸಿ ಮಾಡದೆ ಅದು ಬರೋದಿಲ್ರೀ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ. ಅಲ್ಯೂಮಿನಿಯಂ ತೂತಿನೊಳಗೆ ಉಬ್ಬಿದ್ದಕ್ಕೆ ಎಷ್ಟು ಎಣ್ಣೆ ಬಿಟ್ಟರೂ ಒಳಗೆ ಇಳಿಯಲು ಜಾಗವೇ ಇರುವುದಿಲ್ಲ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಅದನ್ನೇ ಉಪಯೋಗಿಸಿಕೊಳ್ಳಬೇಕು.

ಲೇತ್ ಮೇಷ್ಟ್ರು:
ಎಲ್ಲರೂ ಸ್ವಲ್ಪ ನಿಲ್ಲಿ. ಅಲ್ಲ ಸರ್, ತಿರುಗಿಸುತ್ತಾ ಇದ್ದೀರಲ್ಲ, ಅದಕ್ಕೆ ಥ್ರೆಡ್ ಇದೆ ಅಂತ ಯಾರು ಹೇಳಿದ್ದು? ಪೈಪಿನ ಬುಡದಲ್ಲಿ ಸ್ಪ್ಯಾನರ್ ಹಿಡಿಯುವ ಆರು ಮೂಲೆ ಇದೆಯಾ ನೋಡಿ. ಇದ್ದರೆ ಅದು ಥ್ರೆಡ್ ಫಿಟ್ಟಿಂಗ್. ಬರೀ ದುಂಡಗೆ ಇದ್ದರೆ ಪ್ರೆಸ್ ಮಾಡಿ ಕೂರಿಸಿದ ಪೈಪ್, ಅದನ್ನು ಬಿಚ್ಚುವುದಲ್ಲ, ಎಳೆಯುವುದು. ಇದು ಗೊತ್ತಾಗದೆ ಶಕ್ತಿ ಹಾಕಿದರೆ ಪೈಪ್ ಚಪ್ಪಟೆಯಾಗಿ ಬುಡದಲ್ಲೇ ಮುರಿಯುತ್ತದೆ.

ಹಾಸನದ ಹಳೇ ಗಾಡಿ:
ಮೂಲೆ ಗೀಲೆ ಏನೂ ಇಲ್ಲ. ದುಂಡಗೆ ಒಳಗೆ ಹೋಗಿದೆ.

ಲೇತ್ ಮೇಷ್ಟ್ರು:
ಹಾಗಾದರೆ ಪ್ರೆಸ್ ಫಿಟ್ಟೇ. ಗಾಡಿ ಮೇಲೆ ಮಾಡಬೇಡಿ. ಹೇಗೂ ಎಂಜಿನ್ ಬಿಚ್ಚುತ್ತೀರಿ, ಮ್ಯಾನಿಫೋಲ್ಡ್ ಕಳಚಿ ಟೇಬಲ್ ಮೇಲಿಡಿ, ಕಾರ್ಬ್ಯುರೇಟರ್ ತೆಗೆದುಬಿಡಿ, ಎಣ್ಣೆಯನ್ನೆಲ್ಲ ಒರೆಸಿ ತೊಳೆಯಿರಿ. ಆಮೇಲೆ ಹೀಟ್ ಗನ್‌ನಲ್ಲಿ ಪೈಪನ್ನಲ್ಲ, ಸುತ್ತಲಿನ ಅಲ್ಯೂಮಿನಿಯಂ ಬಿಸಿ ಮಾಡಿ. ಪೈಪಿನೊಳಗೆ ಸರಿಯಾಗಿ ಕೂರುವ ಬೋಲ್ಟೊಂದನ್ನು ತುರುಕಿ, ಆಗ ಗ್ರಿಪ್ ಹಿಡಿದರೆ ಚಪ್ಪಟೆಯಾಗುವುದಿಲ್ಲ. ಆಚೀಚೆ ತಿರುಚುತ್ತಾ ಎಳೆಯಿರಿ.

ಕೋಲಾರ 800:
ಹೀಟ್ ಗನ್ನಿಂದ ಎಷ್ಟು ಹಿಗ್ಗೀತು? ಲೆಕ್ಕ ಹಾಕಿ. 16 ಮಿ.ಮೀ. ತೂತು, 150 ಡಿಗ್ರಿ ಬಿಸಿ ಏರಿಸಿದರೂ ಅಲ್ಯೂಮಿನಿಯಂ ತೂತು 0.055 ಮಿ.ಮೀ. ದೊಡ್ಡದಾಗುತ್ತದೆ, ಪೈಪ್ ಕೂಡ 0.029 ಹಿಗ್ಗುತ್ತದೆ. ಸಿಗುವ ಸಂದು 0.026. ತಲೆಕೂದಲಿನ ಅರ್ಧಕ್ಕೂ ಕಡಿಮೆ. ನನ್ನ ಮಾತು ಕೇಳಿ ಕೊಯ್ದುಬಿಡಿ. ಹ್ಯಾಕ್ಸಾ ಬ್ಲೇಡ್ ಒಳಗೆ ತೂರಿಸಿ ಪೈಪಿನ ಉದ್ದಕ್ಕೂ ಸೀಳಿ, ಅಲ್ಯೂಮಿನಿಯಂ ಮುಟ್ಟುವ ಮುಂಚೆ ನಿಲ್ಲಿಸಿ. ಸಣ್ಣ ಉಳಿಯಿಂದ ಅಂಚನ್ನು ಒಳಕ್ಕೆ ಮಡಚಿದರೆ ಬಿಟ್ಟುಕೊಳ್ಳುತ್ತದೆ.

ಹುಬ್ಬಳ್ಳಿ ಪಾನಾ:
0.026 ಸಣ್ಣದಾ? ಪ್ರೆಸ್ ಫಿಟ್‌ನ ಬಿಗಿ ಇರುವುದೇ ಅಷ್ಟರಲ್ಲಿ ರೀ! ಮೇಲಾಗಿ ಅಲ್ಯೂಮಿನಿಯಂ ಬಿಸಿ ಇರುವಾಗಲೇ ಪೈಪಿನೊಳಗೆ ಐಸ್ ತುಂಡು ಹಾಕಿ. ಪೈಪ್ ಹಿಗ್ಗುವ ಬದಲು ಕುಗ್ಗುತ್ತದೆ, ಸಂದು ಇನ್ನೂ ಜಾಸ್ತಿ ಸಿಗುತ್ತದೆ. ಬ್ಲೇಡ್ ಆಡಿಸುವಾಗ ಎಲ್ಲಿ ಕಬ್ಬಿಣ ಮುಗಿಯಿತು, ಎಲ್ಲಿ ಅಲ್ಯೂಮಿನಿಯಂ ಶುರುವಾಯಿತು ಅಂತ ಕೈಗೆ ಗೊತ್ತಾಗಬೇಕು. ಹೊಸಬರಿಗೆ ಗೊತ್ತಾಗೋದಿಲ್ಲ. ಒಂದು ಗೀರು ಬಿದ್ದರೆ ಅಲ್ಲೇ ಸೋರಿಕೆ.

ಕೋಲಾರ 800:
ಟಾರ್ಚ್ ಬೇಡ ಅನ್ನುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇದೆ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಸುವುದಿಲ್ಲ. 660 ಡಿಗ್ರಿಗೆ ಕರಗುವ ಲೋಹ, ಎರಕದ ಮಿಶ್ರಲೋಹ ಅದಕ್ಕೂ ಮುಂಚೆಯೇ ಕುಸಿಯುತ್ತದೆ. ನೋಡನೋಡುತ್ತಾ ಮೂಲೆ ಜರಿದುಹೋಗುತ್ತದೆ.

ಉಡುಪಿ ಕಡೆಯವ:
ಈ ಪೈಪ್ ಹೀಗಾಗಿದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿಸುತ್ತಿದ್ದರು ಅಲ್ವಾ? ಉಪ್ಪು ನೀರು, ಅದರಲ್ಲಿ ಕಬ್ಬಿಣ, ಪಕ್ಕದಲ್ಲಿ ಅಲ್ಯೂಮಿನಿಯಂ. ಎರಡು ಲೋಹದ ನಡುವೆ ಬ್ಯಾಟರಿಯೇ ಶುರುವಾಗುತ್ತದೆ. ಅದರಲ್ಲಿ ಸವೆಯುವುದು ಜಾಸ್ತಿ ಅಲ್ಯೂಮಿನಿಯಂ. ಹಾಗಾಗಿ ಪೈಪ್ ಬಂದ ಮೇಲೆ ತೂತಿನ ಒಳಗೋಡೆ ನೋಡಿ, ಗುಳಿ ಬಿದ್ದಿರುತ್ತದೆ.

ಹಾಸನದ ಹಳೇ ಗಾಡಿ:
ಹೌದು, ನಲ್ಲಿ ನೀರೇ. ಅಪ್ಪನಿಗೆ ಕೂಲೆಂಟ್ ಅಂದರೆ ದುಡ್ಡು ದಂಡ. ಮ್ಯಾನಿಫೋಲ್ಡ್ ಇವತ್ತು ಕಳಚುತ್ತೇನೆ. ಪೈಪ್ ಸಮೇತ ವರ್ಕ್‌ಶಾಪಿಗೆ ಕೊಟ್ಟರೆ ಎಂಜಿನ್ ಹೆಡ್ (ಸಿಲಿಂಡರ್‌ಗಳ ಮೇಲಿನ ಭಾಗ) ಜೊತೆ ಅವರೇ ತೊಳೆದು ತೆಗೆದುಕೊಡುತ್ತಾರಾ?

ಲೇತ್ ಮೇಷ್ಟ್ರು:
ಕೊಡಿ, ಆದರೆ ಅಲ್ಯೂಮಿನಿಯಂ ಅಂತ ಬಾಯಿಬಿಟ್ಟು ಹೇಳಿ. ಕಬ್ಬಿಣದ ಭಾಗಗಳನ್ನು ಕೆಲವು ಕಡೆ ಬಿಸಿ ಕಾಸ್ಟಿಕ್ ಸೋಡಾದಲ್ಲಿ ಮುಳುಗಿಸುತ್ತಾರೆ. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಬುಸಬುಸ ಅಂತ ಹೈಡ್ರೋಜನ್ ಬರುತ್ತದೆ. ಹೆಡ್ಡೂ ಅಷ್ಟೇ, ಅದೂ ಅಲ್ಯೂಮಿನಿಯಂ.

ಹಾಸನದ ಹಳೇ ಗಾಡಿ:
ಬಂತು! ಹೀಟ್ ಗನ್ ಹಿಡಿದು, ಒಳಗೆ ಬೋಲ್ಟ್ ಹಾಕಿ ತಿರುಚಿದೆ. ಮೊದಲು ಕಿರ್ ಅಂತ ಶಬ್ದ, ಆಮೇಲೆ ಮೆಲ್ಲಗೆ ಸರಿಯಿತು. ತುದಿಯ ಒಂದು ಚೂರು ಒಳಗೇ ಮುರಿದು ಉಳಿದಿತ್ತು, ಅದನ್ನು ಕೋಲಾರದವರು ಹೇಳಿದ ಹಾಗೆ ಸೀಳಿ ಮಡಚಿದೆ. ಉಡುಪಿಯವರು ಹೇಳಿದಂತೆ ಒಂದು ಕಡೆ ಗುಳಿ ಇದೆ. ಈಗ ಹಿತ್ತಾಳೆ ಫಿಟ್ಟಿಂಗ್ ತಂದು ಥ್ರೆಡ್ ಹೊಡೆಸಿ ಹಾಕಿದರೆ ಮುಂದೆ ಬಿಚ್ಚಲು ಸುಲಭ ಆಗುತ್ತದಲ್ವಾ?

ಕೋಲಾರ 800:
ಒಳ್ಳೆ ಯೋಚನೆ. ಹಿತ್ತಾಳೆಗೆ ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ.

ಹುಬ್ಬಳ್ಳಿ ಪಾನಾ:
ತುಕ್ಕು ಹಿಡಿಯೋದಿಲ್ಲ, ಆದರೆ ಅಲ್ಯೂಮಿನಿಯಂ ತಿನ್ನೋದರಲ್ಲಿ ಹಿತ್ತಾಳೆ ಕಬ್ಬಿಣಕ್ಕಿಂತ ಜೋರು. ಮತ್ತೆ ನೀರೇ ಹಾಕಿದರೆ ಕಥೆ ಮುಗಿಯಿತು. ಅಲ್ಲದೆ ಅಂಗಡಿಯಲ್ಲಿ ಸಿಗುವ ಫಿಟ್ಟಿಂಗ್‌ಗಳ ಥ್ರೆಡ್ ಸಾಮಾನ್ಯವಾಗಿ ಟೇಪರ್, ಅಂದರೆ ತುದಿಗೆ ಸಣ್ಣದಾಗುತ್ತಾ ಹೋಗುತ್ತದೆ. ಬಿಗಿ ಮಾಡಿದಷ್ಟೂ ತೂತನ್ನು ಅಗಲಿಸುತ್ತದೆ. ತೆಳು ಗೋಡೆ ಬಿರುಕು ಬಿಡುತ್ತದೆ. ಲೇತ್‌ನಲ್ಲಿ ಅಳತೆಗೆ ಸ್ಟೀಲ್ ಪೈಪ್ ಮಾಡಿಸಿ, ರಿಟೇನಿಂಗ್ ಕಾಂಪೌಂಡ್ (ಲೋಹಗಳನ್ನು ಹಿಡಿದಿಡುವ ಅಂಟು) ಹಚ್ಚಿ ಮತ್ತೆ ಪ್ರೆಸ್ ಮಾಡಿಸಿ.

ಲೇತ್ ಮೇಷ್ಟ್ರು:
ಗುಳಿ ಇರುವುದರಿಂದ ತೂತನ್ನು ಸ್ವಲ್ಪ ಬೋರ್ ಮಾಡಲೇಬೇಕು, ಹಾಗೇ ಪ್ರೆಸ್ ಮಾಡಿದರೆ ಸೋರುತ್ತದೆ. ಸುತ್ತಲಿನ ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ವರ್ನಿಯರ್‌ನಲ್ಲಿ ಅಳೆದು ಹಾಕಿ, ಗುಳಿ ಇರುವ ಕಡೆಯದ್ದೇ ಅಳತೆ ಬೇಕು. ಥ್ರೆಡ್ಡಾ ಪ್ರೆಸ್ಸಾ ಅಂತ ಆಮೇಲೆ ಹೇಳುತ್ತೇನೆ.